ತೊಗರಿ ಬೇರಿನ ಗಂಟು, ನೋಟ್‌ಬುಕ್ಕಿನ ಲೆಕ್ಕ

"ಅವ್ವಾ, ನಂಗ ಥರ್ಮೋಕೋಲ್ ಬೇಕು. ದೊಡ್ಡದು."

ಜುಲೈ ತಿಂಗಳ ಒಂದು ಸಂಜೆ ಶಾಲೆಯಿಂದ ಬಂದವಳೇ ಚೀಲವನ್ನು ಕಟ್ಟೆಯ ಮೇಲೆ ಒಗೆದು ಮಗಳು ಹೇಳಿದ ಮೊದಲ ಮಾತು ಇದು. ಅವಳು ಏಳನೇ ತರಗತಿ. ಶಾಲೆಯಲ್ಲಿ ವಿಜ್ಞಾನ ವಸ್ತು ಪ್ರದರ್ಶನದ ಸುದ್ದಿ ಹೇಳಿದ್ದರು. ಡಿಸೆಂಬರ್ ಹೊತ್ತಿಗೆ ತಾಲ್ಲೂಕು ಮಟ್ಟದ ಪ್ರದರ್ಶನ ಇರುತ್ತದೆ, ಶಾಲೆಯಿಂದ ಒಳ್ಳೆಯ ಮಾದರಿಗಳು ಆಳಂದಕ್ಕೆ ಹೋಗುತ್ತವೆ ಎಂದಿದ್ದರು.

"ಥರ್ಮೋಕೋಲಿನಾಗ ಏನ್ ಮಾಡ್ತಿ?" ಎಂದೆ.

"ಜ್ವಾಲಾಮುಖಿ. ಇಲ್ಲಂದ್ರ ಸೌರಮಂಡಲ. ಎಲ್ಲಾರೂ ಅದೇ ಮಾಡ್ತಾರ."

ಎಲ್ಲರೂ ಅದನ್ನೇ ಮಾಡುತ್ತಾರೆ, ನಿಜ. ನಾನು ಓದುವಾಗಲೂ ಅದನ್ನೇ ಮಾಡಿದ್ದೆವು. ಅಡುಗೆ ಸೋಡಾದ ಮೇಲೆ ನಿಂಬೆರಸ ಸುರಿದು, ಕುಂಕುಮ ಕಲಸಿದ ನೊರೆ ಉಕ್ಕಿದಾಗ ಚಪ್ಪಾಳೆ ಹೊಡೆಸಿಕೊಂಡಿದ್ದೆವು. ನೊರೆ ಯಾಕೆ ಬಂತು ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಮಗೂ ಗೊತ್ತಿರಲಿಲ್ಲ. ಈಗಂತೂ ಕಲಬುರಗಿಗೆ ಹೋದರೆ ಸಿದ್ಧ ಮಾದರಿಗಳೇ ಸಿಗುತ್ತವೆ. ದುಡ್ಡು ಕೊಟ್ಟು ತಂದು, ಮೇಲೆ ಮಗುವಿನ ಹೆಸರಿನ ಚೀಟಿ ಅಂಟಿಸಿದರೆ ಮುಗಿಯಿತು.

"ನೋಡೋಣ, ಇನ್ನೂ ಭಾಳ ದಿನ ಅದ" ಎಂದು ಆ ದಿನ ಮಾತು ಮರೆಸಿದೆ.

ಹೊಲದಲ್ಲಿ ಸಿಕ್ಕ ಪ್ರಶ್ನೆ

ನಮ್ಮದು ಕಡಗಂಚಿ. ಕಲಬುರಗಿಯಿಂದ ಆಳಂದಕ್ಕೆ ಹೋಗುವ ರಸ್ತೆಯಲ್ಲಿ ಸಿಗುತ್ತದೆ. 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇಲ್ಲೇ ಇರುವುದರಿಂದ ಈಗ ಊರಿನ ಹೆಸರು ದೂರದವರಿಗೂ ಗೊತ್ತು. ಆದರೆ ಊರಿನ ಬದುಕು ನಿಂತಿರುವುದು ಎರೆ ಹೊಲದ ಮೇಲೆ, ಅದರಲ್ಲೂ ತೊಗರಿಯ ಮೇಲೆ. ನಮ್ಮ ಜಿಲ್ಲೆಯನ್ನು ತೊಗರಿ ಕಣಜ ಎನ್ನುತ್ತಾರೆ. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ.

ನಾಗರ ಪಂಚಮಿಯ ಹೊತ್ತಿಗೆ ಹೊಲದಲ್ಲಿ ಕಳೆ ತೆಗೆಯುವ ಕೆಲಸ. ರವಿವಾರ ಮಗಳೂ ಬಂದಿದ್ದಳು. ಹಸಿ ಮಣ್ಣಿನಲ್ಲಿ ಕಳೆಯ ಜೊತೆ ಒಂದು ತೊಗರಿ ಗಿಡವೂ ಕಿತ್ತು ಬಂತು. ಅದರ ಬೇರಿಗೆ ಸಾಸಿವೆಯಷ್ಟು, ಜೋಳದ ಕಾಳಿನಷ್ಟು ಸಣ್ಣ ಸಣ್ಣ ಗಂಟುಗಳು ಅಂಟಿಕೊಂಡಿದ್ದವು.

"ಅಪ್ಪಾ, ಈ ಗಿಡಕ್ಕ ರೋಗ ಬಂದದೇನು?"

ಅವಳು ಹೆದರಿದ್ದಕ್ಕೆ ಕಾರಣವಿತ್ತು. ನೆಟೆರೋಗ ಬಂದು ನಿಂತ ನಿಲುವಿನಲ್ಲೇ ತೊಗರಿ ಒಣಗಿದ್ದನ್ನು ಅವಳು ನೋಡಿದ್ದಾಳೆ. ಆ ವರ್ಷ ಮನೆಯಲ್ಲಿ ನಡೆದ ಮಾತುಗಳನ್ನೂ ಕೇಳಿದ್ದಾಳೆ.

ಅವಳಪ್ಪ ನಕ್ಕರು. "ರೋಗ ಅಲ್ಲ. ಅದು ಇರಬೇಕು. ಅದು ಇದ್ರ ಗಿಡ ಚಲೋ."

"ಯಾಕ ಚಲೋ?"

ಅವರು ನನ್ನ ಮುಖ ನೋಡಿದರು. ನಾನು ಬದುವಿನ ಮೇಲೆ ಕೂತಿದ್ದ ನಮ್ಮ ಮಾವನವರ ಮುಖ ನೋಡಿದೆ. ಮಕ್ಕಳಿಗೆಲ್ಲ ಅವರು ಮುತ್ಯಾ. ಅವರು, "ತೊಗರಿ ಬೆಳೆದ ಹೊಲದಾಗ ಮುಂದಿನ ವರ್ಷ ಜ್ವಾಳ ಹುಲುಸಾಗಿ ಬರ್ತದ. ಅಷ್ಟು ನಂಗ ಗೊತ್ತದ. ಯಾಕ ಅನ್ನೂದು ನೀ ಸಾಲಿಯಾಗ ಕೇಳಿ ಬಾ" ಎಂದರು.

ಮನೆಗೆ ಬರುವಾಗ ಮಗಳ ಕೈಯಲ್ಲಿ ಆ ಗಿಡ ಇತ್ತು. ಥರ್ಮೋಕೋಲಿನ ಮಾತು ಅವತ್ತಿನಿಂದ ನಿಂತೇ ಹೋಯಿತು.

ಗಂಟಿನೊಳಗೆ ಏನಿದೆ?

ಮರುದಿನ ಶಾಲೆಯ ವಿಜ್ಞಾನ ಟೀಚರ್ ಆ ಗಂಟೊಂದನ್ನು ಬ್ಲೇಡಿನಿಂದ ಕತ್ತರಿಸಿ ತೋರಿಸಿದರಂತೆ. ಒಳಗೆ ನಸುಗೆಂಪು. "ಅವ್ವಾ, ಗಿಡದಾಗೂ ರಕ್ತ ಅದ!" ಎಂದು ಓಡಿ ಬಂದಳು.

ಅದು ರಕ್ತವಲ್ಲ, ಆದರೆ ರಕ್ತದ ಸಂಬಂಧಿ ಎನ್ನಬಹುದು. ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವುದು ಹಿಮೋಗ್ಲೋಬಿನ್. ಬೇರುಗಂಟಿನಲ್ಲಿ ಇರುವುದು ಅದೇ ಜಾತಿಯ ಲೆಗ್‌ಹಿಮೋಗ್ಲೋಬಿನ್. ಗಂಟಿನೊಳಗೆ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳು ವಾಸ ಮಾಡುತ್ತವೆ. ಅವುಗಳ ಕೆಲಸಕ್ಕೆ ಹೆಚ್ಚು ಆಮ್ಲಜನಕ ಅಡ್ಡಿ. ಆದರೆ ಉಸಿರಾಡಲು ಸ್ವಲ್ಪ ಬೇಕೇ ಬೇಕು. ಅಳತೆ ಮಾಡಿ ಆಮ್ಲಜನಕ ಒದಗಿಸುವ ಕೆಲಸ ಈ ಕೆಂಪು ಪದಾರ್ಥದ್ದು. ಗಂಟು ಒಳಗೆ ಕೆಂಪಗಿದ್ದರೆ ಕೆಲಸ ನಡೆದಿದೆ ಎಂದರ್ಥ. ಬೆಳ್ಳಗೋ ಹಸಿರಾಗಿಯೋ ಇದ್ದರೆ ಕೆಲಸ ಇನ್ನೂ ಶುರುವಾಗಿಲ್ಲ ಅಥವಾ ಮುಗಿದಿದೆ.

ಏನು ಆ ಕೆಲಸ? ಗಾಳಿಯಲ್ಲಿ ಶೇ 78ರಷ್ಟು ಸಾರಜನಕವೇ ಇದೆ. ಗಿಡಕ್ಕೆ ಸಾರಜನಕ ಬೇಕು, ಆದರೆ ಗಾಳಿಯಲ್ಲಿರುವುದನ್ನು ಅದು ಹಾಗೆಯೇ ಬಳಸಲಾರದು. ಈ ಬ್ಯಾಕ್ಟೀರಿಯಾಗಳು ಅದನ್ನು ಗಿಡಕ್ಕೆ ದಕ್ಕುವ ರೂಪಕ್ಕೆ ತರುತ್ತವೆ. ಬದಲಿಗೆ ಗಿಡ ಅವುಗಳಿಗೆ ಸಕ್ಕರೆಯ ಅಂಶ ಕೊಡುತ್ತದೆ. ಕೊಟ್ಟು ತೆಗೆದುಕೊಳ್ಳುವ ಬೀಗತನ. ಕೊಯ್ಲಾದ ಮೇಲೆ ಬೇರು, ಉದುರಿದ ಎಲೆ ಮಣ್ಣಿನಲ್ಲಿ ಕೊಳೆತು ಸ್ವಲ್ಪ ಸಾರಜನಕ ಮುಂದಿನ ಬೆಳೆಗೆ ಉಳಿಯುತ್ತದೆ. ಮುತ್ಯಾ ಹೇಳಿದ ಜೋಳದ ಮಾತಿಗೆ ಇದೇ ಕಾರಣ.

ಇನ್ನೊಂದು ವಿಷಯವನ್ನೂ ಟೀಚರ್ ಹೇಳಿಕೊಟ್ಟರು. ಬೇರಿನಲ್ಲಿ ಕಾಣುವ ಎಲ್ಲ ಗಂಟೂ ಒಳ್ಳೆಯದಲ್ಲ. ಜಂತುಹುಳುಗಳಿಂದಲೂ ಬೇರಿಗೆ ಗಂಟು ಬರುತ್ತದೆ. ಆಗ ಬೇರೇ ಊದಿಕೊಂಡಿರುತ್ತದೆ, ಬಿಡಿಸಲು ಬರುವುದಿಲ್ಲ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಮಣಿಯಂತೆ ಅಂಟಿರುತ್ತದೆ, ಉಗುರಿನಿಂದ ಒತ್ತಿದರೆ ಬಿಟ್ಟುಕೊಳ್ಳುತ್ತದೆ.

ರೈತ ಸಂಪರ್ಕ ಕೇಂದ್ರದಲ್ಲಿ ರೈಜೋಬಿಯಂ ಜೀವಾಣು ಗೊಬ್ಬರದ ಪಾಕೀಟು ಸಿಗುತ್ತದೆ. ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ ಬಿತ್ತುತ್ತಾರೆ. ಇದೇ ಬೀಜೋಪಚಾರ. ಮಗಳ ಪ್ರಶ್ನೆ ಈಗ ರೂಪಕ್ಕೆ ಬಂತು: ಜೀವಾಣು ಸವರಿದ ಬೀಜದ ಗಿಡಕ್ಕೆ ಹೆಚ್ಚು ಗಂಟು ಬರುತ್ತವೆಯೇ? ಯೂರಿಯಾ ಹಾಕಿದರೆ ಏನಾಗುತ್ತದೆ?

ಹನ್ನೆರಡು ಡಬ್ಬಿ

ಆಗಸ್ಟ್ ಮಧ್ಯದಲ್ಲಿ ಕೆಲಸ ಶುರುವಾಯಿತು. ಹಳೆಯ ಪ್ಲಾಸ್ಟಿಕ್ ಡಬ್ಬಿ 12 ಕೂಡಿಸಿದೆವು. ತಳಕ್ಕೆ ತೂತು ಹಾಕಿ, ಒಂದೊಂದಕ್ಕೂ ನಮ್ಮ ಹೊಲದ್ದೇ ಮಣ್ಣು 3 ಕಿಲೋ ತೂಗಿ ತುಂಬಿದೆವು. ನಾಲ್ಕು ಡಬ್ಬಿಗೆ ಬರೀ ಬೀಜ. ನಾಲ್ಕಕ್ಕೆ ಜೀವಾಣು ಸವರಿದ ಬೀಜ. ಉಳಿದ ನಾಲ್ಕಕ್ಕೆ ಬರೀ ಬೀಜ, ಜೊತೆಗೆ 1 ಗ್ರಾಂ ಯೂರಿಯಾ. ಅಷ್ಟು ಸಣ್ಣ ತೂಕ ಮನೆಯಲ್ಲಿ ಆಗುವುದಿಲ್ಲವೆಂದು ಶಾಲೆಯ ತಕ್ಕಡಿಯಲ್ಲಿ ತೂಗಿಸಿದೆವು.

ಒಂದೇ ಡಬ್ಬಿ ಯಾಕೆ ಸಾಲದು ಎಂದು ಮೊದಲು ಅವಳಿಗೆ ತಿಳಿಯಲಿಲ್ಲ. "ಒಂದು ಗಿಡಕ್ಕ ಹುಳ ಹತ್ತಿದ್ರ?" ಎಂದು ನಾನು ಕೇಳಿದ ಮೇಲೆ ತಿಳಿಯಿತು. ಎಲ್ಲಕ್ಕೂ ಒಂದೇ ಬಿಸಿಲು, ಒಂದೇ ಲೋಟದ ನೀರು. ಬೇರೆ ಇರಬೇಕಾದದ್ದು ನಾವು ಪರೀಕ್ಷಿಸುವ ಒಂದು ಸಂಗತಿ ಮಾತ್ರ. ಪ್ರಯೋಗದ ಬುನಾದಿಯೇ ಇದು.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವಳು ದೊಡ್ಡ ಅಕ್ಷರದಲ್ಲಿ ಬರೆದಳು: "ನನ್ನ ಊಹೆ – ಜೀವಾಣು ಹಚ್ಚಿದ ಗಿಡಕ್ಕೆ ಎರಡು ಪಟ್ಟು ಗಂಟು ಬರುತ್ತವೆ." ಅಷ್ಟಕ್ಕೇ ಬಿಡಲಿಲ್ಲ. ಚಾರ್ಟ್ ಕಾಗದ ತರಿಸಿ, ಜೀವಾಣು ಗಿಡಕ್ಕೆ ಎತ್ತರದ ಹಸಿರು ಕಂಬ, ಬರೀ ಗಿಡಕ್ಕೆ ಗಿಡ್ಡ ಕಂಬ ಎಂದು ಪೆನ್ಸಿಲ್ಲಿನಲ್ಲಿ ಚಿತ್ರವನ್ನೂ ಬರೆದಿಟ್ಟಳು. ಫಲಿತಾಂಶ ಬರುವ ಮೊದಲೇ ಚಾರ್ಟ್ ಸಿದ್ಧವಾಗಿತ್ತು! ಆಗ ನಾನೂ ಮೆಚ್ಚಿಕೊಂಡೆ. ಅದು ತಪ್ಪು ಎಂದು ಆಮೇಲೆ ಗೊತ್ತಾಯಿತು.

ಒಂದೂವರೆ ತಿಂಗಳು ದಿನಾ ಬೆಳಿಗ್ಗೆ ನೀರು, ವಾರಕ್ಕೊಮ್ಮೆ ಎತ್ತರದ ಅಳತೆ. ನಡುವೆ ಎರಡು ದಿನ ಜ್ವರ ಬಂದು ಮಲಗಿದಾಗ ಅವಳ ತಮ್ಮ ನೀರು ಹಾಕಿದ. ಅದನ್ನೂ ಬರೆದುಕೊಂಡಳು: "ಈ ದಿನ ತಮ್ಮ ನೀರು ಹಾಕಿದ. ಒಂದು ಲೋಟಕ್ಕಿಂತ ಹೆಚ್ಚು ಹಾಕಿರಬಹುದು."

16ನ್ನು 26 ಮಾಡಿದರೆ?

ಸೆಪ್ಟೆಂಬರ್ ಕೊನೆಯಲ್ಲಿ ಎಣಿಸುವ ದಿನ ಬಂತು. ಮೊದಲ ಗಿಡವನ್ನು ಅವಸರದಲ್ಲಿ ಕೈಯಿಂದ ಎಳೆದುಬಿಟ್ಟಳು. ಬೇರು ಹರಿದು ಗಂಟುಗಳೆಲ್ಲ ಮಣ್ಣಿನಲ್ಲೇ ಉಳಿದವು. ಸಿಕ್ಕದ್ದು 3. ಎರೆ ಮಣ್ಣು ಒಣಗಿದರೆ ಕಲ್ಲಿನಂತೆ, ಹಸಿಯಾದರೆ ಅಂಟಿನಂತೆ. ಉಳಿದ ಡಬ್ಬಿಗಳನ್ನು ಬಕೀಟಿನ ನೀರಿನಲ್ಲಿ ಒಂದು ತಾಸು ನೆನೆಸಿ, ಜರಡಿಯ ಮೇಲೆ ಮೆಲ್ಲಗೆ ತೊಳೆದೆವು. ಕೆಳಗೆ ಬಿದ್ದ ಗಂಟುಗಳೂ ಜರಡಿಯಲ್ಲಿ ಸಿಕ್ಕವು.

ಬರೀ ಬೀಜದ ಗಿಡಗಳಲ್ಲಿ 14, 19, 11. ಕಿತ್ತು ಹಾಳಾದ ಗಿಡವನ್ನು ಲೆಕ್ಕದಿಂದ ಬಿಟ್ಟು, ಬಿಟ್ಟದ್ದು ಯಾಕೆಂದು ಬರೆದಳು. ಜೀವಾಣು ಸವರಿದ ಗಿಡಗಳಲ್ಲಿ 16, 12, 18, 15. ಯೂರಿಯಾ ಹಾಕಿದವುಗಳಲ್ಲಿ 4, 6, 3, 5.

ಸರಾಸರಿ ತೆಗೆದಳು. ಬರೀ ಬೀಜಕ್ಕೆ ಸುಮಾರು 14.7. ಜೀವಾಣುವಿಗೆ 15.25. ಎರಡರ ನಡುವೆ ಒಂದು ಗಂಟಿನಷ್ಟೂ ವ್ಯತ್ಯಾಸವಿಲ್ಲ. ಎರಡು ಪಟ್ಟಿನ ಮಾತಂತೂ ದೂರವೇ ಉಳಿಯಿತು.

ಮಗಳ ಮುಖ ಸಣ್ಣದಾಯಿತು. ಚಾರ್ಟಿನ ಎತ್ತರದ ಕಂಬವನ್ನು ನೋಡುತ್ತ ಕೂತಳು. ಒಂದೂವರೆ ತಿಂಗಳ ಕೆಲಸ ನೀರಿಗೆ ಹೋಯಿತು ಎಂದು ನನಗೂ ಸಂಕಟವಾಯಿತು. ಆಗ ನಾನು ಮಾಡಿದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ನೋಟ್‌ಬುಕ್ ಎಳೆದುಕೊಂಡು, "ಇಲ್ನೋಡು, ಈ 16ರಾಗ ಒಂದನ್ನ ಎರಡು ಮಾಡಿದ್ರ 26 ಆಗ್ತದ. ಹಿಂಗ ಎಲ್ಲಾದ್ರಾಗೂ ಮಾಡಿದ್ರ ನಿನ್ನ ಚಾರ್ಟಿಗೆ ಹೊಂದ್ತದ. ಯಾರ್ ಬಂದು ಎಣಿಸ್ತಾರ?" ಎಂದೆ.

ಅವಳು ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ, ತಿಳಿಯದೆ ನೋಡಿದಳು.

"ನಾ ಎಣಿಸಿದ್ದು ಹದ್ನಾರು ಅವ್ವಾ. ಇಪ್ಪತ್ತಾರು ಯಾರ್ ಎಣಿಸ್ಯಾರ?"

ನನ್ನಲ್ಲಿ ಉತ್ತರವಿರಲಿಲ್ಲ. ಪೆನ್ನು ಕೆಳಗಿಟ್ಟೆ. ಸುಳ್ಳು ಹೇಳಬೇಡ ಎಂದು ಹನ್ನೆರಡು ವರ್ಷ ಹೇಳಿಕೊಟ್ಟವಳು ನಾನೇ. ಒಂದು ಬಹುಮಾನದ ಆಸೆಗೆ ಅದನ್ನು ಅಳಿಸಲು ಹೊರಟವಳೂ ನಾನೇ.

ಮುತ್ಯಾ ಕೊಟ್ಟ ಸುಳಿವು

ಅಂಗಳದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ಮುತ್ಯಾ ಕೇಳಿದರು, "ಮಣ್ಣು ಎಲ್ಲಿಂದು ತಂದೀರಿ?"

"ನಮ್ಮ ಹೊಲದ್ದೇ."

"ಆ ಹೊಲದಾಗ ನಮ್ಮಪ್ಪನ ಕಾಲದಿಂದ ತೊಗರಿ, ಹೆಸರು, ಉದ್ದು ಬೆಳೀಲಾಕತ್ತೀವಿ. ನೀ ಪಾಕೀಟಿನಾಗ ತಂದು ಹಚ್ಚೂದು ಆ ಮಣ್ಣಿನಾಗ ಮೊದ್ಲೇ ಇದ್ದಿರಬೇಕಲ್ಲ ತಾಯಿ?"

ಮರುದಿನ ಟೀಚರ್ ಇದನ್ನು ಕೇಳಿ ಬಹಳ ಸಂತೋಷಪಟ್ಟರು. ಮುತ್ಯಾ ಹೇಳಿದ್ದು ಸರಿಯಿರಬಹುದು ಎಂದರು. ತೊಗರಿ ಈ ವಿಷಯದಲ್ಲಿ ಹಟಮಾರಿಯಲ್ಲ. ಹೆಸರು, ಉದ್ದು, ಅಲಸಂದಿಗಳ ಬೇರಿನಲ್ಲಿ ಗಂಟು ಕಟ್ಟುವ ಬ್ಯಾಕ್ಟೀರಿಯಾಗಳೇ ತೊಗರಿಗೂ ಆಗುತ್ತವೆ. ನಮ್ಮ ಕಡೆಯ ಹೊಲಗಳಲ್ಲಿ ಅವು ಸಹಜವಾಗಿಯೇ ಇರುತ್ತವೆ. ಕಡಲೆ ಹಾಗಲ್ಲ, ಅದಕ್ಕೆ ಅದರದ್ದೇ ಬೇರೆ ಬಳಗ ಬೇಕು.

ಟೀಚರ್ ಒಂದು ಹಳೆಯ ಕಥೆಯನ್ನೂ ಹೇಳಿದರು. ಜರ್ಮನಿಯಲ್ಲಿ ಹರ್ಮನ್ ಹೆಲ್‌ರೀಗಲ್ ಎಂಬ ವಿಜ್ಞಾನಿ ಇದ್ದ. ಮರಳು ತುಂಬಿದ ಕುಂಡಗಳಲ್ಲಿ ಓಟ್ಸ್ ಬೆಳೆದು ನೋಡಿದ. ಸಾರಜನಕದ ಗೊಬ್ಬರ ಎಷ್ಟು ಹಾಕಿದರೆ ಅಷ್ಟಕ್ಕೆ ತಕ್ಕಂತೆ ಬೆಳೆಯಿತು. ಬಟಾಣಿ ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಗೊಬ್ಬರವೇ ಇಲ್ಲದ ಕುಂಡಗಳಲ್ಲಿ ಒಂದು ಗಿಡ ಸೊರಗಿದರೆ ಪಕ್ಕದ್ದು ಸೊಂಪಾಗಿ ಬೆಳೆಯಿತು. ಬೇರೆಯವರಾದರೆ ಪ್ರಯೋಗ ಕೆಟ್ಟಿತು ಎಂದು ಬಿಡುತ್ತಿದ್ದರೇನೋ. ಅವನು ಮತ್ತು ಅವನ ಜೊತೆಗಾರ ವಿಲ್‌ಫಾರ್ತ್ ಬಿಡಲಿಲ್ಲ. ಮರಳನ್ನು ಕಾಯಿಸಿ ಜೀವಾಣು ರಹಿತ ಮಾಡಿದರು. ಬಟಾಣಿ ಸೊರಗಿತು. ಅದಕ್ಕೆ ಹೊಲದ ಮಣ್ಣು ಕದಡಿದ ನೀರು ಸ್ವಲ್ಪ ಹಾಕಿದರು. ಗಂಟು ಕಟ್ಟಿತು, ಗಿಡ ಚಿಗುರಿತು. 1886ರಲ್ಲಿ ಅವರು ಇದನ್ನು ಜಗತ್ತಿಗೆ ತಿಳಿಸಿದರು. ಎರಡು ವರ್ಷದ ನಂತರ, 1888ರಲ್ಲಿ, ನೆದರ್‌ಲೆಂಡ್ಸ್‌ನ ಬೈಜೆರಿಂಕ್ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದ.

ಹೊಂದದ ಲೆಕ್ಕವನ್ನು ತಿದ್ದಿ ಹೊಂದಿಸಿದ್ದರೆ ಆ ಶೋಧ ಅವರ ಕೈತಪ್ಪುತ್ತಿತ್ತು.

"ಹಂಗಾದ್ರ ನಾವೂ ಮಣ್ಣು ಹುರಿಯೋಣ" ಎಂದಳು ಮಗಳು.

ಮಣ್ಣು ಹುರಿದ ದಿನ

ಅಕ್ಟೋಬರ್ ಮೊದಲ ವಾರ ಹಿತ್ತಲಲ್ಲಿ ಕಲ್ಲಿಟ್ಟು ಒಲೆ ಹೂಡಿ, ಹಳೆಯ ಬೋಗೋಣಿಯಲ್ಲಿ ಮಣ್ಣು ಹಾಕಿ, ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿ ಒಂದು ತಾಸಿನ ಮೇಲೆ ಕಾಯಿಸಿದೆವು. ಈ ಕೆಲಸ ನಾನೇ ಮಾಡಿದೆ, ಮಕ್ಕಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಓಣಿಯವರು ಬಂದು, "ಏನ್ರೀ, ಮಣ್ಣಿನ ಹುಗ್ಗಿ ಮಾಡ್ಲಾಕತ್ತೀರೇನು?" ಎಂದು ನಕ್ಕು ಹೋದರು.

ಮಣ್ಣು ಆರಿದ ಮೇಲೆ ಆರು ಡಬ್ಬಿ. ಮೂರಕ್ಕೆ ಬರೀ ಬೀಜ, ಮೂರಕ್ಕೆ ಜೀವಾಣು ಸವರಿದ ಬೀಜ. ಈ ಸಲ ನೀರನ್ನೂ ಕುದಿಸಿ ಆರಿಸಿ ಹಾಕಿದೆವು. ಚಾರ್ಟ್ ಮಾತ್ರ ಬರೆಯಲಿಲ್ಲ. ಅವಳೇ ಹೇಳಿದಳು, "ಮೊದಲು ಎಣಿಸೋಣ, ಆಮ್ಯಾಲ ಕಂಬ."

ದೀಪಾವಳಿ ಮುಗಿದು, ನವೆಂಬರ್ ಮಧ್ಯದಲ್ಲಿ ಎಣಿಸಿದೆವು. ಹುರಿದ ಮಣ್ಣಿನಲ್ಲಿ ಬರೀ ಬೀಜದ ಗಿಡಗಳಿಗೆ 0, 0, 2. ಜೀವಾಣು ಸವರಿದವಕ್ಕೆ 7, 9, 5.

ಮನೆಯಲ್ಲಿ ಹಬ್ಬದ ವಾತಾವರಣ. ಆದರೆ ಆ 2 ಎಲ್ಲಿಂದ ಬಂತು? ಅಲ್ಲಿ 0 ಇದ್ದಿದ್ದರೆ ಎಷ್ಟು ಚಂದ ಇರುತ್ತಿತ್ತು! ಈ ಸಲ ನಾನು ಬಾಯಿ ಬಿಡಲಿಲ್ಲ. ಅವಳು 2 ಎಂದೇ ಬರೆದು, ಕೆಳಗೆ ಸೇರಿಸಿದಳು: "ಕೈಯಿಂದಲೋ, ಗಾಳಿಯ ಧೂಳಿನಿಂದಲೋ ಬ್ಯಾಕ್ಟೀರಿಯಾ ಬಂದಿರಬಹುದು. ಅಥವಾ ಮಣ್ಣು ಪೂರ್ತಿ ಕಾಯದೆ ಇರಬಹುದು. ಖಚಿತವಾಗಿ ಗೊತ್ತಿಲ್ಲ."

ಆಳಂದದ ಪ್ರದರ್ಶನ

ಡಿಸೆಂಬರ್ ಮೊದಲ ವಾರ ಆಳಂದಕ್ಕೆ ಹೋದೆವು. ಸಾಲು ಸಾಲು ಬೆಂಚುಗಳು. ಹನಿ ನೀರಾವರಿ, ಮಳೆ ನೀರು ಕೊಯ್ಲು, ಗಾಳಿಯಂತ್ರ, ಹಲವು ಸೌರಮಂಡಲ. ಇಂಜೆಕ್ಷನ್ ಸಿರಿಂಜುಗಳಲ್ಲಿ ನೀರು ತುಂಬಿ ರಟ್ಟಿನ ಜೆಸಿಬಿ ಓಡಿಸುತ್ತಿದ್ದ ಹುಡುಗನ ಮುಂದೆ ದೊಡ್ಡ ಗುಂಪು. ನನ್ನ ಮಗಳೂ ಅಲ್ಲೇ ಹೋಗಿ ನಿಂತಿದ್ದಳು, ಕರೆದು ತರಬೇಕಾಯಿತು.

ಇವಳ ಬೆಂಚಿನ ಮೇಲೆ ಇದ್ದದ್ದು ಗಾಜಿನ ಬಾಟಲಿಗಳ ನೀರಿನಲ್ಲಿ ಇಟ್ಟ ಬೇರುಗಳು, ಒಂದು ಭೂತಗನ್ನಡಿ, ಕಾಗದದ ಕಂಬಗಳ ಚಾರ್ಟ್, ಮಣ್ಣು ಮೆತ್ತಿದ ನೋಟ್‌ಬುಕ್. ತೀರ್ಪುಗಾರರೊಬ್ಬರು ನೋಟ್‌ಬುಕ್ಕನ್ನೇ ಕೈಗೆತ್ತಿಕೊಂಡರು. ಮೊದಲ ಪುಟದ ಊಹೆಗೆ ಗೀಟು ಹೊಡೆದು "ನನ್ನ ಊಹೆ ತಪ್ಪಾಯಿತು" ಎಂದು ಬರೆದದ್ದನ್ನು ಓದಿದರು. 2ರ ಬಗ್ಗೆ ಕೇಳಿದರು. ಅವಳು ಬರೆದದ್ದನ್ನೇ ಹೇಳಿದಳು.

ಆಮೇಲೆ ಒಂದು ಗಟ್ಟಿ ಪ್ರಶ್ನೆ ಬಂತು. "ಯೂರಿಯಾ ಹಾಕಿದರೆ ಗಂಟು ಕಡಿಮೆ ಅಂತ ತೋರಿಸಿದ್ದೀ, ಸರಿ. ಮಣ್ಣಿನಲ್ಲೇ ಸಾರಜನಕ ಸಿಕ್ಕರೆ ಗಿಡ ಬ್ಯಾಕ್ಟೀರಿಯಾ ಸಾಕಲು ಹೋಗುವುದಿಲ್ಲ. ಆದರೆ 3 ಕಿಲೋ ಮಣ್ಣಿಗೆ 1 ಗ್ರಾಂ ಅಂದರೆ ಎಕರೆಗೆ ಎಷ್ಟಾಯಿತು?"

ಅವಳಿಗೆ ಗೊತ್ತಿರಲಿಲ್ಲ. "ಗೊತ್ತಿಲ್ರಿ ಸರ್" ಎಂದಳು. ಅವರೇ ಕೂತು ಲೆಕ್ಕ ಮಾಡಿಸಿದರು. ಒಂದು ಎಕರೆಯಲ್ಲಿ ನೇಗಿಲು ಹೋಗುವಷ್ಟು ಆಳದ ಮೇಲ್ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. 3 ಕಿಲೋಗೆ 1 ಗ್ರಾಂ ಎಂದರೆ 3 ಲಕ್ಷ ಗ್ರಾಂ, ಅಂದರೆ 300 ಕಿಲೋ ಯೂರಿಯಾ. 45 ಕಿಲೋದ ಚೀಲದ ಲೆಕ್ಕದಲ್ಲಿ ಆರೂವರೆ ಚೀಲಕ್ಕಿಂತ ಹೆಚ್ಚು! ಯಾವ ರೈತನೂ ತೊಗರಿಗೆ ಅಷ್ಟು ಹಾಕುವುದಿಲ್ಲ. ಕಣ್ಣಿಗೆ ಒಂದು ಚಿಟಿಕೆ ಎನಿಸಿದ್ದು ಡಬ್ಬಿಗೆ ಭಾರಿ ಪ್ರಮಾಣವೇ ಆಗಿತ್ತು.

ಮಗಳು ನಾಚಿಕೆಯಿಂದ ತಲೆ ತಗ್ಗಿಸುತ್ತಾಳೆ ಎಂದುಕೊಂಡೆ. ಇಲ್ಲ, ಪೆನ್ನು ತೆಗೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: "ಮುಂದಿನ ಸಲ ಯೂರಿಯಾ ಕಡಿಮೆ."

ಬಹುಮಾನ ಜೆಸಿಬಿ ಹುಡುಗನಿಗೆ ಬಂತು. ಇವಳಿಗೆ ಪ್ರಮಾಣಪತ್ರ. ಬಸ್ಸಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನ ಜೆಸಿಬಿ ಖರೇನೇ ಚಲೋ ಇತ್ತವ್ವ" ಎಂದಳು.

ನಿಮ್ಮ ಮನೆಯಲ್ಲೂ ತಯಾರಿ ನಡೆದಿದ್ದರೆ

ಅಪ್ಪ ಅಮ್ಮಂದಿರೇ, ಮಕ್ಕಳೇ, ನಾವು ಬಿದ್ದು ಎದ್ದು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮಾದರಿಯಿಂದ ಶುರು ಮಾಡಬೇಡಿ, ಪ್ರಶ್ನೆಯಿಂದ ಶುರು ಮಾಡಿ. ಅಡುಗೆಮನೆ, ಹೊಲ, ದನದ ಕೊಟ್ಟಿಗೆ, ನೀರಿನ ಕೊಡ ಎಲ್ಲದರಲ್ಲೂ ಪ್ರಶ್ನೆ ಇದೆ. ಹೊಸ ಮಣ್ಣಿನ ಕೊಡದಲ್ಲಿ ನೀರು ಹಳೆಯದಕ್ಕಿಂತ ತಣ್ಣಗಿರುತ್ತದೆಯೇ? ಯಾವ ಡಬ್ಬಿಯಲ್ಲಿಟ್ಟ ಬೇಳೆಗೆ ಬೇಗ ಹುಳ ಬೀಳುತ್ತದೆ? ಇವೆಲ್ಲ ಅಳೆದು ನೋಡಬಹುದಾದ ಪ್ರಶ್ನೆಗಳು.

ಬೇಗ ಶುರು ಮಾಡಿ. ಗಿಡದ ಪ್ರಯೋಗಕ್ಕೆ ಕನಿಷ್ಠ ಮೂರು ತಿಂಗಳು ಇರಲಿ. ಮೊದಲ ಸಲ ಕೆಟ್ಟರೆ ಎರಡನೆಯ ಸಲಕ್ಕೆ ಸಮಯ ಬೇಕು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪ್ರತಿ ಗುಂಪಿಗೂ ಮೂರು ನಾಲ್ಕು ಮಾದರಿಗಳಿರಲಿ. ಎಷ್ಟು ಹಾಕಿದೆವು ಎಂಬುದನ್ನು ನಿಜ ಜೀವನದ ಅಳತೆಗೆ ಹೋಲಿಸಿ ನೋಡಿ. ನಾವು ಯೂರಿಯಾದಲ್ಲಿ ಎಡವಿದ್ದು ಅಲ್ಲೇ.

ನೋಟ್‌ಬುಕ್ ಒಂದೇ ಇರಲಿ, ಅಂದದ್ದು ಅಂದೇ ಬರೆಯಲಿ. ತಪ್ಪಾದರೆ ಅಳಿಸದೆ ಗೀಟು ಹೊಡೆಯಲಿ. ಚಾರ್ಟ್ ಕೊನೆಗೆ. ಬೆಂಕಿ, ಬ್ಲೇಡು, ಗೊಬ್ಬರದ ಕೆಲಸಕ್ಕೆ ದೊಡ್ಡವರು ಜೊತೆಗಿರಿ, ಆಮೇಲೆ ಸಾಬೂನಿನಿಂದ ಕೈ ತೊಳೆಸಿ. ಉಳಿದದ್ದನ್ನು ಮಕ್ಕಳೇ ಮಾಡಲಿ.

ಮನೆಯಲ್ಲಿ ಒಬ್ಬರು ತೀರ್ಪುಗಾರರಾಗಿ ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸಿ. "ಗೊತ್ತಿಲ್ಲ" ಎನ್ನುವುದನ್ನೂ ಕಲಿಸಿ. ಬಾಯಿಪಾಠ ಮಾಡಿದ ಭಾಷಣಕ್ಕಿಂತ ಅದು ಮೇಲು.

ಅವಕಾಶಗಳೂ ಹಲವಿವೆ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಅವಾರ್ಡ್–ಮಾನಕ್ ಯೋಜನೆಗೆ ಆರನೇ ತರಗತಿಯಿಂದಲೇ ಮಕ್ಕಳು ತಮ್ಮ ಹೊಸ ಯೋಚನೆಯನ್ನು ಶಾಲೆಯ ಮೂಲಕ ಕಳಿಸಬಹುದು. ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ. 1993ರಿಂದ ನಡೆದು ಬಂದಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಇನ್ನೊಂದು ಅವಕಾಶ. ಅಲ್ಲಿ ಸುತ್ತಲಿನ ಸಮಸ್ಯೆಯನ್ನು ಮಕ್ಕಳೇ ಅಧ್ಯಯನ ಮಾಡಿ ವರದಿ ಮಂಡಿಸುತ್ತಾರೆ. ನಮ್ಮ ಭಾಗದವರು ಕಲಬುರಗಿಯಲ್ಲಿ 1984ರಿಂದ ಇರುವ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ. ಅಲ್ಲಿ ಮುಟ್ಟಿ, ತಿರುಗಿಸಿ, ಆಡಿಸಿ ನೋಡಬಹುದು.

ಮಣ್ಣೇ ಹೇಳಬೇಕು

ಪ್ರದರ್ಶನ ಮುಗಿದ ವಾರ ಪಕ್ಕದ ಹೊಲದ ಕಾಕಾ ಮನೆಗೆ ಬಂದಿದ್ದರು. ಸುದ್ದಿ ಅವರಿಗೂ ಮುಟ್ಟಿತ್ತು. ಕಟ್ಟೆಯ ಮೇಲೆ ಕೂತು ನಗುತ್ತ, "ಏನ್ ತಂಗಿ, ಹಂಗಾದ್ರ ಮುಂದಿನ ವರ್ಷ ಆ ಪಾಕೀಟು ತರೂದು ಬ್ಯಾಡ ಅಂತೀಯೇನು?" ಎಂದು ಕೇಳಿದರು.

ನಾನು ಒಳಗಿನಿಂದ ಕೇಳುತ್ತಿದ್ದೆ. ಮಗಳು ಹೂಂ ಎಂದುಬಿಟ್ಟಾಳೋ ಎಂದು ಎದೆ ಹೊಡೆದುಕೊಂಡಿತು. ಬೀಜೋಪಚಾರ ಮಾಡಿ ಎಂದು ಕೃಷಿ ಇಲಾಖೆಯವರು ಹೇಳುತ್ತಾರೆ. ಹನ್ನೆರಡು ಡಬ್ಬಿಯ ಲೆಕ್ಕದ ಮೇಲೆ ಒಬ್ಬರ ಬೆಳೆಯ ಮಾತು ಹೇಳಲಾದೀತೇ?

ಅವಳು ಯೋಚಿಸಿ ಹೇಳಿದಳು, "ನಾ ನೋಡಿದ್ದು ನಮ್ಮ ಹೊಲದ ಮಣ್ಣು ಕಾಕಾ, ಅದೂ ಡಬ್ಬಿಯಾಗ. ಅದರಾಗ ಮೊದ್ಲೇ ಇದ್ದುವು. ನಿಮ್ಮ ಹೊಲದಾಗ ಹ್ಯಾಂಗ ಅದ ನಂಗ ಗೊತ್ತಿಲ್ಲ. ನಿಮ್ಮ ಮಣ್ಣೇ ಹೇಳಬೇಕು. ಒಂದ್ ಬುಟ್ಟಿ ಮಣ್ಣು ಕೊಡ್ರಿ, ನೋಡ್ತೀನಿ."

ಕಾಕಾ ನಗು ನಿಲ್ಲಿಸಿ ಅವಳನ್ನು ನೋಡಿದರು. ಎರಡು ದಿನ ಬಿಟ್ಟು ನಮ್ಮ ಬಾಗಿಲಲ್ಲಿ ಒಂದು ಬುಟ್ಟಿ ಮಣ್ಣು ಬಂದು ಕೂತಿತ್ತು. ಡಬ್ಬಿಗಳನ್ನು ತೊಳೆದು ಬಿಸಿಲಿಗಿಟ್ಟಿದ್ದಾಳೆ.